ನೆಲದಾಳದಲ್ಲಿ ತೆಗೆದ ಆಕಾಶದ ಚಿತ್ರ

ಬಂಗಾರಪೇಟೆಯಿಂದ ಹೊರಟ ರೈಲು ಹಳಿ ಮಾರಿಕುಪ್ಪಂಗೆ ಬಂದು ಮುಗಿಯುತ್ತದೆ. ಅಲ್ಲಿಂದಾಚೆ ಸೈನೈಡ್ ದಿಬ್ಬಗಳು, ತುಕ್ಕು ಹಿಡಿದ ಶಾಫ್ಟ್ ಗೋಪುರಗಳು, ಸಾಲು ಮನೆಗಳ ಕಾಲೊನಿಗಳು. ಕೆಜಿಎಫ್ ಎಂದರೆ ಚಿನ್ನ ಎಂದೇ ಎಲ್ಲರ ಮಾತು. ಆದರೆ ಇಲ್ಲಿನ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟ್‌ನಲ್ಲಿ, ನೆಲಮಟ್ಟದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ಕೆಲವು ಕ್ಯಾಮೆರಾಗಳು ಕತ್ತಲಲ್ಲಿ ಕಾದು ಕೂತಿದ್ದವು. ಅವು ಕಾಯುತ್ತಿದ್ದದ್ದು ಆಕಾಶದ ಗುರುತಿಗಾಗಿ.

ಆಕಾಶದ ಫೋಟೊ ತೆಗೆಯುವ ವಿದ್ಯೆ ಮೊದಲಿನಿಂದಲೂ ಕಾಯುವ ವಿದ್ಯೆಯೇ. 1850ರ ಜುಲೈನಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಪಲ್ ಮತ್ತು ಬಾಂಡ್ ಅಭಿಜಿತ್ ನಕ್ಷತ್ರದ ಚಿತ್ರ ತೆಗೆದಾಗ ಫಲಕಕ್ಕೆ 100 ಸೆಕೆಂಡು ಬೆಳಕು ಉಣಿಸಬೇಕಾಯಿತು. ಸೂರ್ಯನ ಹೊರತು ಬೇರೊಂದು ನಕ್ಷತ್ರ ಫೋಟೊದಲ್ಲಿ ಮೂಡಿದ್ದು ಅದೇ ಮೊದಲು. ಒಣ ಜಿಲೆಟಿನ್ ಫಲಕಗಳು ಬಂದ ಮೇಲೆ, 1880ರಲ್ಲಿ ಹೆನ್ರಿ ಡ್ರೇಪರ್ 51 ನಿಮಿಷ ಕಾದು ಒರೈಯನ್ ನೀಹಾರಿಕೆಯನ್ನು ಹಿಡಿದ. ಮೂರು ವರ್ಷದ ನಂತರ ಇಂಗ್ಲೆಂಡಿನ ಆಂಡ್ರೂ ಕಾಮನ್ ತೆಗೆದ ಅದೇ ನೀಹಾರಿಕೆಯ ಚಿತ್ರದಲ್ಲಿ, ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಮೂಡಿದ್ದವು. ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು; ಫಲಕ ಕೂಡಿಡುತ್ತದೆ. ಇಂದು ಟ್ರೈಪಾಡ್ ಹೂಡಿ, ಶಟರ್ ತೆರೆದು ಆಕಾಶಗಂಗೆಯನ್ನು ಹಿಡಿಯುವ ಹುಡುಗರ ಕೆಲಸ ನಿಂತಿರುವುದೂ ಇದೇ ತತ್ವದ ಮೇಲೆ.

ಕಾದರಷ್ಟೇ ಸಾಲದು, ಕತ್ತಲೂ ಬೇಕು. ಶಟರ್ ತೆರೆದಷ್ಟು ಹೊತ್ತೂ ಊರಿನ ದೀಪದ ಬೆಳಕು ಫಲಕಕ್ಕೆ ಸೇರುತ್ತಲೇ ಇರುತ್ತದೆ. ಹಾಗೆ ನೋಡಿದರೆ ಕೆಜಿಎಫ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗವೇ ಅಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಹರಿದು 1902ರಲ್ಲಿ ಮೊದಲು ಬಂದದ್ದು ಇಲ್ಲಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದಾದ ಮೇಲೆ.

ಹಾಗಾದರೆ ಕತ್ತಲು ಎಲ್ಲಿ? ಕೆಳಗೆ.

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಮಳೆಯ ಹಾಗೆ ಸುರಿಯುತ್ತವೆ. ಬಯಲಲ್ಲಿ ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಅಂಗೈಯನ್ನು ತೂರಿ ಹೋಗುತ್ತವೆ. ಅದೇ ಬಡಿತದಲ್ಲಿ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಅವು ಭೂಮಿಯನ್ನೇ ಹಾಯ್ದು ಹೋಗಬಲ್ಲವು, ದಾರಿಯಲ್ಲಿ ಯಾವುದನ್ನೂ ಮುಟ್ಟುವುದು ಅಪರೂಪ. ಮ್ಯೂಆನ್‌ಗಳ ಸುರಿಮಳೆಯ ನಡುವೆ ನ್ಯೂಟ್ರಿನೊವನ್ನು ಹುಡುಕುವುದು ಹೊನಲು ಬೆಳಕಿನ ಕ್ರೀಡಾಂಗಣದಲ್ಲಿ ನಿಂತು ಮಿಣುಕು ನಕ್ಷತ್ರ ಹುಡುಕಿದಂತೆ. ಆ ಮಳೆಯನ್ನು ತಡೆಯುವ ಚಾವಣಿ ಬೇಕಿತ್ತು, ಕೋಲಾರದ ಬಂಡೆ ಆ ಚಾವಣಿಯಾಯಿತು.

ಇಲ್ಲಿಗೆ ಮೊದಲು ಬಂದವರು ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಬಿ.ವಿ. ಶ್ರೀಕಂಠನ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ್ದ ಅವರನ್ನು 1950ರ ದಶಕದ ಮೊದಲಲ್ಲಿ ಹೋಮಿ ಭಾಭಾ ಗಣಿಗೆ ಕಳುಹಿಸಿದರು. ಆಳಕ್ಕೆ ಇಳಿದಂತೆ ಮ್ಯೂಆನ್‌ಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯುವುದು ಕೆಲಸ. ಮುಂದೆ 1960ರ ದಶಕದ ಆರಂಭದಲ್ಲಿ ಜಪಾನಿನ ಒಸಾಕಾದ ಮಿಯಾಕೆ, ನಮ್ಮ ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಇನ್ನೂ ಆಳಕ್ಕೆ ಹೋದರು. ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಎರಡು ತಿಂಗಳು ಉಪಕರಣ ನಡೆಸಿದರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ.

ಬೇರೆ ಪ್ರಯೋಗಕ್ಕಾದರೆ ಅದು ಸೋಲು. ಇವರಿಗೆ ಆ ಸೊನ್ನೆಯೇ ಬೇಕಿತ್ತು. ಆಕಾಶದ ಗದ್ದಲ ಇಷ್ಟು ಅಡಗಿದ ಜಾಗದಲ್ಲಿ ನ್ಯೂಟ್ರಿನೊವಿನ ಗುರುತು ಸಿಕ್ಕರೆ ಅದನ್ನು ಬೇರೆ ಯಾವುದಕ್ಕೂ ಹೋಲಿಸಿ ಅನುಮಾನಿಸಬೇಕಿಲ್ಲ ಎಂಬ ಧೈರ್ಯ ಬಂತು.

ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ಶ್ರೀಕಂಠನ್ ಮತ್ತು ಸಂಗಡಿಗರು, ಒಸಾಕಾದ ತಂಡ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದ ವುಲ್ಫೆಂಡೇಲ್ ತಂಡ, ಈ ಮೂರೂ ತಂಡದವರು ಕೂಡಿ ಹೀತ್‌ಕೋಟ್ ಶಾಫ್ಟ್‌ನಲ್ಲಿ ಉಪಕರಣ ಕಟ್ಟಿದರು. ಅದಕ್ಕೆ ಅವರು ಇಟ್ಟ ಹೆಸರು ಟೆಲಿಸ್ಕೋಪ್. ಆದರೆ ಅದರಲ್ಲಿ ಮಸೂರದ ಕೊಳವೆ ಇರಲಿಲ್ಲ, ಇದ್ದದ್ದು ಎದುರುಬದುರು ನಿಲ್ಲಿಸಿದ ಎರಡು ಗೋಡೆಗಳು. ಗೋಡೆ ಪ್ಲಾಸ್ಟಿಕ್ ಸಿಂಟಿಲೇಟರ್‌ನದು. ಕಣ ಹಾಯ್ದರೆ ಅದು ಕ್ಷಣಮಾತ್ರ ಮಿನುಗುತ್ತದೆ. ಎರಡು ಗೋಡೆಗಳ ನಡುವೆ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳ ಸಾಲು ಸಾಲು.

ಈ ಕೊಳವೆಗಳ ಕೆಲಸ ಸ್ವಲ್ಪ ನಿಧಾನವಾಗಿ ನೋಡುವಂಥದ್ದು. 1955ರಲ್ಲಿ ಇಟಲಿಯ ಕಾನ್ವರ್ಸಿ ಮತ್ತು ಗೊಜ್ಜಿನಿ ತೋರಿಸಿಕೊಟ್ಟ ಉಪಾಯ ಇದು. ವಿದ್ಯುದಂಶವುಳ್ಳ ಕಣ ಕೊಳವೆಯನ್ನು ಹಾಯ್ದರೆ ಒಳಗಿನ ಅನಿಲದಲ್ಲಿ ಅಯಾನುಗಳ ಜಾಡು ಬಿಟ್ಟು ಹೋಗುತ್ತದೆ. ಬರಿಗಣ್ಣಿಗೆ ಏನೂ ಕಾಣದು. ಅಷ್ಟರಲ್ಲಿ ಎರಡೂ ಗೋಡೆಗಳು ಮಿನುಗಿದ ಸುದ್ದಿ ಸಿಕ್ಕು, ಕೊಳವೆಗಳ ಮೇಲೆ ಸಾವಿರಾರು ವೋಲ್ಟಿನ ಹೊಡೆತ ಬೀಳುತ್ತದೆ. ಕಣ ಹಾಯ್ದ ಕೊಳವೆಗಳು ಮಾತ್ರ ಕೆಂಪಗೆ ಝಗ್ಗೆನ್ನುತ್ತವೆ. ಕೊಳವೆಗಳ ತುದಿಗೆ ಮುಖ ಮಾಡಿದ ಕ್ಯಾಮೆರಾದ ಫಿಲ್ಮಿನಲ್ಲಿ ಬೆಳಕಿನ ಚುಕ್ಕಿಗಳು ಸಾಲಾಗಿ ಮೂಡುತ್ತವೆ. ಚುಕ್ಕಿ ಸೇರಿಸಿ ಗೆರೆ ಎಳೆದರೆ ಕಣ ಬಂದ ದಾರಿ ಸಿಗುತ್ತದೆ.

ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದ್ದಕ್ಕೂ ಕಾರಣವಿದೆ. ಅಷ್ಟು ಬಂಡೆಯನ್ನೂ ಭೇದಿಸಿ ಬರುವ ಅಳಿದುಳಿದ ಮ್ಯೂಆನ್‌ಗಳು ಮೇಲಿನಿಂದ ಬರುತ್ತವೆ. ಓರೆಯಾಗಿ ಬರಬೇಕೆಂದರೆ ಅವು ಇನ್ನೆಷ್ಟೋ ಕಿಲೋಮೀಟರ್ ಬಂಡೆ ದಾಟಬೇಕು, ಅದು ಆಗದ ಮಾತು. ಆದ್ದರಿಂದ ಫಿಲ್ಮಿನ ಮೇಲೆ ಅಡ್ಡಡ್ಡ ಮಲಗಿದ ಗೆರೆ ಸಿಕ್ಕರೆ, ಅದು ನ್ಯೂಟ್ರಿನೊ ಅಲ್ಲೇ ಪಕ್ಕದ ಬಂಡೆಗೆ ಬಡಿದು ಹುಟ್ಟಿಸಿದ ಮ್ಯೂಆನಿನದು ಎಂದೇ ಅರ್ಥ. ಹಾಗೆ ಮಲಗಿದ ಗೆರೆಗಳು 1965ರಲ್ಲಿ ಸಿಕ್ಕವು. ನಕ್ಷತ್ರ ಹಿಡಿಯುವವರಿಗೆ ರಾತ್ರಿಯಾಗಬೇಕು. ಇಲ್ಲಿ ಹಗಲು ರಾತ್ರಿಯ ಲೆಕ್ಕವೇ ಇರಲಿಲ್ಲ. ಭೂಮಿಯ ಆಚೆ ಬದಿಯ ಆಕಾಶದಿಂದ ಹೊರಟ ಕಣಕ್ಕೂ ದಾರಿ ತೆರೆದೇ ಇತ್ತು.

ಇದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಬಳಿಯ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಇದೇ ಬೇಟೆಯಲ್ಲಿತ್ತು. ಅವರಿಗೆ ಮೊದಲ ಗುರುತು ಸಿಕ್ಕಿದ್ದು 1965ರ ಫೆಬ್ರುವರಿ 23ರಂದು. ಆದರೆ ಮೊದಲು ಅಚ್ಚಾದದ್ದು ಕೆಜಿಎಫ್ ಪ್ರಬಂಧ, ಆಗಸ್ಟ್ 15ರ ‘ಫಿಸಿಕ್ಸ್ ಲೆಟರ್ಸ್’ ಸಂಚಿಕೆಯಲ್ಲಿ. ರೈನ್ಸ್ ತಂಡದ್ದು ಅದೇ ತಿಂಗಳ 30ಕ್ಕೆ ಬಂತು. ಯಾರು ಮೊದಲು ಎಂಬ ಜಗ್ಗಾಟ ಬೇಡ. ವಾತಾವರಣದ ನ್ಯೂಟ್ರಿನೊ ಮನುಷ್ಯರಿಗೆ ಮೊದಲು ಸಿಕ್ಕಿದ್ದು ಈ ಎರಡು ಚಿನ್ನದ ಗಣಿಗಳಲ್ಲಿ ಎಂದರೆ ನ್ಯಾಯವಾದ ಮಾತು.

ಕಾಯುವ ಅವಧಿ ಆಮೇಲೆ ಇನ್ನೂ ಹಿಗ್ಗಿತು. 1998ರಲ್ಲಿ ಜಪಾನಿನ ಗಣಿಯೊಂದರೊಳಗಿನ ಸೂಪರ್ ಕಾಮಿಯೊಕಾಂಡೆ ಎಂಬ ನೀರಿನ ತೊಟ್ಟಿಯಲ್ಲಿ ಸುಮಾರು 500 ದಿನ ಕೂಡಿಟ್ಟ, ಸೂರ್ಯನಿಂದ ಬಂದ ನ್ಯೂಟ್ರಿನೊಗಳ ಗುರುತುಗಳಿಂದ ಸೂರ್ಯನ ಚಿತ್ರವೊಂದು ಸಿದ್ಧವಾಯಿತು. ಡ್ರೇಪರನ 51 ನಿಮಿಷದಿಂದ 500 ದಿನಕ್ಕೆ! ಹಗಲೂ ರಾತ್ರಿಯೂ ನೆಲದಡಿಯಿಂದಲೇ ತೆಗೆದ ಸೂರ್ಯ ಅದು.

ಕೆಜಿಎಫ್‌ನಲ್ಲಿ 1980ರಿಂದ ಪ್ರೋಟಾನ್ ಸಾಯುತ್ತದೆಯೇ ಎಂದು ಪರೀಕ್ಷಿಸುವ, 140 ಟನ್ ತೂಕದ ಇನ್ನೊಂದು ಪ್ರಯೋಗ ನಡೆಯಿತು. ಚಿನ್ನ ಕರಗುತ್ತಾ, ಗಣಿಯ ಆಳದ ಮಟ್ಟಗಳು ಮುಚ್ಚುತ್ತಾ ಬಂದಂತೆ 1990ರ ದಶಕದ ಮೊದಲಲ್ಲಿ ವಿಜ್ಞಾನಿಗಳು ಗಂಟು ಕಟ್ಟಿದರು. 2001ರ ಫೆಬ್ರುವರಿ 28ಕ್ಕೆ ಗಣಿಯೇ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತವು. ಶ್ರೀಕಂಠನ್ 2019ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

1965ರ ಆ ಪ್ರಬಂಧದ ತಲೆಬರಹದ ಕೆಳಗೆ ವಿಜ್ಞಾನಿಗಳ ಹೆಸರುಗಳಿವೆ. ಆದರೆ ಆ ಗೋಡೆಗಳು, ಗಾಜಿನ ಕೊಳವೆಗಳು, ಫಿಲ್ಮಿನ ಸುರುಳಿಗಳು ಗಣಿಯ ಕೇಜಿನಲ್ಲೇ ಕೆಳಗಿಳಿಯಬೇಕಿತ್ತು. ಬಂಡೆಯೇ ಬೇಯುವ ಆಳದಲ್ಲಿ ಗಾಳಿ, ಕರೆಂಟು, ಆಸರೆಯ ಮರಗಟ್ಟು ಎಲ್ಲವನ್ನೂ ನೋಡಿಕೊಳ್ಳಬೇಕಿತ್ತು. ಅದು ಗಣಿಯ ಜನ ಇಲ್ಲದೆ ಆಗುವ ಕೆಲಸವಲ್ಲ. ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಗಾಂ ಕಾಲೊನಿಗಳಲ್ಲಿ ಆ ದಿನಗಳಲ್ಲಿ ಕೆಳಗಿಳಿದವರು, ಅವರ ಮಕ್ಕಳು ಇದ್ದರೆ ಒಂದು ವಿನಂತಿ: ಮನೆಯ ಹಳೆಯ ಫೋಟೊಗಳನ್ನು ಹೊರತೆಗೆಯಿರಿ. ಅದರಲ್ಲಿ ಇರುವವರ ಹೆಸರು, ಶಾಫ್ಟು, ವರ್ಷ ಹಿಂಬದಿಯಲ್ಲಿ ಬರೆದಿಡಿ, ಹೇಳುವ ಹಿರಿಯರು ಇರುವಾಗಲೇ.