ಉದ್ಯಾನವೆಂಬ ಪ್ರಯೋಗಶಾಲೆ

ಪ್ರಯೋಗಶಾಲೆಯೆಂದರೆ ಗಾಜಿನ ನಳಿಗೆಗಳೂ ತಕ್ಕಡಿಗಳೂ ವಿದ್ಯುದ್ಯಂತ್ರಗಳೂ ತುಂಬಿದ ಕೊಠಡಿಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಂಥ ಕೊಠಡಿಯ ಬಾಗಿಲು ಐದಾರು ವರ್ಷದ ಮಗುವಿಗೆ ತೆರೆಯಬೇಕಾದರೆ ಇನ್ನೂ ಹತ್ತು ವರ್ಷಗಳು ಕಳೆಯಬೇಕು. ಆದರೆ ಮಗುವಿನ ಪ್ರಶ್ನೆಗಳು ಹತ್ತು ವರ್ಷ ಕಾಯುವುದಿಲ್ಲ. ‘ಏಕೆ?’ ‘ಹೇಗೆ?’ ಎಂದು ಕೇಳಿದಾಗಲೆಲ್ಲ ‘ಸುಮ್ಮನಿರು’ ಎಂಬ ಮಾತೇ ಉತ್ತರವಾಗಿ ದೊರೆಯುತ್ತಿದ್ದರೆ, ಕೇಳುವ ಅಭ್ಯಾಸವೇ ಮೆಲ್ಲನೆ ಬಾಡಿಹೋಗುತ್ತದೆ. ಮುಂದೆ ಕಾಲೇಜಿನಲ್ಲಿ ಎಷ್ಟು ಬೆಲೆಬಾಳುವ ಉಪಕರಣಗಳನ್ನು ಮುಂದಿಟ್ಟರೂ ಬಾಡಿದ ಕುತೂಹಲವನ್ನು ಚಿಗುರಿಸುವುದು ಕಷ್ಟ. ಆದುದರಿಂದ ಪಟ್ಟಣದ ಮಕ್ಕಳಿಗೆ ಎಟಕುವ ಪ್ರಯೋಗಶಾಲೆಯೊಂದು ಬೇಕು. ಊರಿನ ನಡುವಿನ ಉದ್ಯಾನವೇ ಅದು.

ಬೆಂಗಳೂರಿನ ಲಾಲ್‌ಬಾಗನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1760ರಲ್ಲಿ ಹೈದರ್ ಅಲಿಯು ಆರಂಭಿಸಿ, ಟಿಪ್ಪು ಸುಲ್ತಾನನು ಬೆಳೆಸಿದ ಈ ತೋಟ ಇಂದು ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿದೆ. ಅಲ್ಲಿಗೆ ಹೋದವರು ಗಾಜಿನ ಮನೆಯನ್ನು ನೋಡಿ, ಹೂಗಳನ್ನು ಮೆಚ್ಚಿ, ಕಡಲೆಕಾಯಿ ತಿಂದು ಹಿಂದಿರುಗುವುದು ವಾಡಿಕೆ. ವಿದ್ಯಾರ್ಥಿಗಳಾದ ನಮ್ಮ ವಾಚಕರು ತಮ್ಮ ಮನೆಯ ಚಿಕ್ಕ ತಮ್ಮನನ್ನೋ ತಂಗಿಯನ್ನೋ ಕೈಹಿಡಿದು ಕರೆದುಕೊಂಡು ಹೋಗಿ, ಇಲ್ಲಿ ಹೇಳಿರುವ ನಾಲ್ಕು ಸಂಗತಿಗಳನ್ನು ತೋರಿಸಬಹುದು. ಇದಕ್ಕೆ ಬೇಕಾದ ಸಾಮಗ್ರಿ ಒಂದು ರಟ್ಟಿನ ತುಂಡು, ಒಂದು ಅಳತೆಪಟ್ಟಿ, ಇಷ್ಟೇ.

ಮೊದಲು ಮರದ ಕೆಳಗಿನ ನೆಲವನ್ನು ನೋಡೋಣ. ನೆರಳಿನ ನಡುವೆ ಅಲ್ಲಲ್ಲಿ ಬಿಸಿಲಿನ ಬಿಲ್ಲೆಗಳು ಚೆಲ್ಲಿರುತ್ತವೆ. ಅವುಗಳಲ್ಲಿ ಅನೇಕವು ದುಂಡಗಿರುವುದನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ಎಲೆಗಳ ಸಂದುಗಳಾದರೋ ಮೂರು ಮೂಲೆಯವು, ಸೀಳಿನಂಥವು, ಹೇಗೆಂದರೆ ಹಾಗಿರುವಂಥವು. ಸಂದು ವಕ್ರವಾಗಿದ್ದರೂ ಬಿಸಿಲಿನ ಬಿಲ್ಲೆ ದುಂಡಗಾದುದು ಹೇಗೆ?

ಉತ್ತರ ಸರಳವಾಗಿದೆ. ನೆಲದ ಮೇಲೆ ಕಾಣುವುದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ಸೂರ್ಯಮಂಡಲದ ಪ್ರತಿಯೊಂದು ಭಾಗದಿಂದಲೂ ಹೊರಟ ಕಿರಣಗಳು ಆ ಕಿರಿಯ ಸಂದಿನ ಮೂಲಕ ಸರಳರೇಖೆಯಲ್ಲಿ ಹಾಯ್ದು ನೆಲದ ಬೇರೆಬೇರೆ ಭಾಗಗಳನ್ನು ಮುಟ್ಟುತ್ತವೆ; ಅವೆಲ್ಲ ಕೂಡಿ ಸೂರ್ಯನ ಚಿತ್ರವಾಗುತ್ತದೆ. ಸೂಜಿರಂಧ್ರದ ಕ್ಯಾಮರಾ ಕೆಲಸಮಾಡುವುದೂ ಹೀಗೆಯೇ. ರಟ್ಟಿನಲ್ಲಿ ಮೂರು ಮಿಲಿಮೀಟರಿನ ಚೌಕವಾದ ತೂತು ಮಾಡಿ, ಅದನ್ನು ನೆಲದಿಂದ ಎರಡು ಮೀಟರು ಎತ್ತರದಲ್ಲಿ ಬಿಸಿಲಿಗೆ ಅಡ್ಡಲಾಗಿ ಹಿಡಿದರೆ ಚೌಕವು ಮಾಯವಾಗಿ ದುಂಡನೆಯ ಬೆಳಕು ಬೀಳುತ್ತದೆ. ತೂತಿನ ಮೂಲಕ ಸೂರ್ಯನನ್ನು ಕಣ್ಣಿಟ್ಟು ನೋಡಬಾರದೆಂಬುದನ್ನು ಮಾತ್ರ ಮಕ್ಕಳಿಗೆ ಮೊದಲೇ ಹೇಳಿಡಬೇಕು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ವೇಳೆ ಬೆಂಗಳೂರಿನ ಮರಗಳ ಕೆಳಗೆ ಈ ಬಿಲ್ಲೆಗಳೆಲ್ಲ ಕುಡುಗೋಲಿನ ಆಕಾರ ತಾಳಿದುವು. ಅವು ಸೂರ್ಯನ ಬಿಂಬಗಳೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಪ್ರೌಢಶಾಲೆಯ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರು, ವ್ಯಾಸ ಸುಮಾರು 13.9 ಲಕ್ಷ ಕಿಲೋಮೀಟರು. ದೂರವು ವ್ಯಾಸದ 108ರಷ್ಟಾಯಿತು. ಸಂದು ಚಿಕ್ಕದಾಗಿದ್ದರೆ ಇದೇ ಪ್ರಮಾಣವು ನೆಲದ ಬಿಂಬಕ್ಕೂ ಅನ್ವಯಿಸುತ್ತದೆ. ಬಿಸಿಲು ಓರೆಯಾಗಿದ್ದಾಗ ಬಿಂಬವು ಮೊಟ್ಟೆಯಂತೆ ಉದ್ದವಾಗುವುದರಿಂದ, ಅದರ ಕಿರಿಯ ಅಗಲವನ್ನು ಅಳೆದು 108ರಿಂದ ಗುಣಿಸಬೇಕು. ಅಗಲ 9 ಸೆಂಟಿಮೀಟರಿದ್ದರೆ, ಬೆಳಕು ತೂರಿಬಂದ ಸಂದು ಕಿರಣದ ದಾರಿಯಲ್ಲಿ ಹತ್ತು ಮೀಟರಿಗೆ ತುಸು ಕಡಿಮೆ ದೂರದಲ್ಲಿದೆಯೆಂದಾಯಿತು. ಮರವನ್ನು ಹತ್ತದೆ ಕೊಂಬೆಯ ದೂರವನ್ನು ಅಳೆದ ಹಾಗಾಯಿತಲ್ಲವೆ?

ಎರಡನೆಯ ಸಂಗತಿ ತಂಪು. ಲಾಲ್‌ಬಾಗಿನಲ್ಲಿ ಬೋಳುಬಂಡೆಯೂ ದಟ್ಟವಾದ ನೆರಳೂ ಹತ್ತಿರ ಹತ್ತಿರವೇ ಇವೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಯನ್ನು ಒಮ್ಮೆ, ಬಿಸಿಲಿನಲ್ಲೇ ಇರುವ ಹಸಿರೆಲೆಯನ್ನು ಒಮ್ಮೆ ಮುಟ್ಟಿ ನೋಡಲು ಮಗುವಿಗೆ ಹೇಳಿ. ಬಂಡೆ ಸುಡುತ್ತದೆ, ಎಲೆ ಸುಡುವುದಿಲ್ಲ. ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಕಿರಿದಾದ ರಂಧ್ರಗಳಿಂದ ನೀರು ಆವಿಯಾಗಿ ಹೊರಬೀಳುತ್ತಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿಮಾಡಲು ಒಂದು ಕ್ಯಾಲರಿ ಶಾಖ ಸಾಕು. ಅದನ್ನೇ ಆವಿಮಾಡಲು ಸುಮಾರು 580 ಕ್ಯಾಲರಿ ಬೇಕು. ಇದೇ ಗುಪ್ತೋಷ್ಣ. ಹೂಜಿಯ ನೀರು ತಣ್ಣಗಾಗುವುದೂ ಬೆವರಿದ ಮೈಗೆ ಗಾಳಿ ಹಿತವಾಗುವುದೂ ಇದರಿಂದಲೇ.

ದೊಡ್ಡ ಮರವೊಂದು ಹಗಲಿನ ಹನ್ನೆರಡು ಗಂಟೆಗಳಲ್ಲಿ ನೂರು ಲೀಟರು ನೀರನ್ನು ಆವಿಯಾಗಿ ಬಿಡುತ್ತದೆಂದು ಇಟ್ಟುಕೊಳ್ಳೋಣ. ಆಗ ಅದು ಹೀರಿಕೊಳ್ಳುವ ಶಾಖ ಸುಮಾರು 5 ಕೋಟಿ 80 ಲಕ್ಷ ಕ್ಯಾಲರಿ. ಲೆಕ್ಕ ಹಾಕಿದರೆ ಇದು ಐದೂವರೆ ಕಿಲೋವ್ಯಾಟಿಗೆ ಸಮೀಪವಾಗುತ್ತದೆ. ಒಂದೂವರೆ ಟನ್ನಿನ ಹವಾನಿಯಂತ್ರಕವು ಕೋಣೆಯಿಂದ ಹೊರತಳ್ಳುವ ಶಾಖವೂ ಹೆಚ್ಚುಕಡಿಮೆ ಇಷ್ಟೇ. ಆದರೆ ಆ ಯಂತ್ರ ವಿದ್ಯುತ್ತನ್ನು ಬೇಡುತ್ತದೆ, ಕೋಣೆಯ ಶಾಖವನ್ನು ಬೀದಿಗೆ ಚೆಲ್ಲುತ್ತದೆ. ಮರ ಬೇಡುವುದು ನೀರನ್ನೂ ಬಿಸಿಲನ್ನೂ ಮಾತ್ರ. ರಸ್ತೆಯ ಅಗಲೀಕರಣಕ್ಕಾಗಿ ಮರವೊಂದನ್ನು ಕಡಿದಾಗ ನಿಂತುಹೋಗುವುದು ಇಂಥ ಒಂದು ಯಂತ್ರ. ಅದಕ್ಕೆ ಬದಲಾಗಿ ನೆಟ್ಟ ಗೇಣುದ್ದದ ಸಸಿ ಅದೇ ಕೆಲಸವನ್ನು ಮಾಡುವ ವೇಳೆಗೆ ಇಂದಿನ ಮಗು ನಡುವಯಸ್ಸನ್ನು ಮುಟ್ಟಿರುತ್ತದೆ.

ಮೂರನೆಯದು ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆ. ಮಕ್ಕಳಿಗೆ ಅದು ಹತ್ತಿ ಇಳಿಯುವ ಗುಡ್ಡ. ಭೂವಿಜ್ಞಾನಿಗಳಿಗೆ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪೆನಿನ್ಸುಲಾರ್ ನೈಸ್ ಎಂದು ಕರೆಯಲಾಗುವ ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥ ಪ್ರಾಚೀನ ಶಿಲೆಗಳ ವಯಸ್ಸನ್ನು ತಿಳಿಯಲು ಯುರೇನಿಯಂ ಒಂದು ಗಡಿಯಾರವಾಗುತ್ತದೆ. ಯುರೇನಿಯಂ 238 ಬಹು ನಿಧಾನವಾಗಿ ಸೀಸವಾಗಿ ಮಾರ್ಪಡುತ್ತದೆ. ಅದರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಶಿಲೆಯಲ್ಲಿ ಹುದುಗಿರುವ ಸಣ್ಣ ಹರಳುಗಳಲ್ಲಿ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಕೂಡಿದೆ ಎಂದು ಅಳೆದರೆ, ಹರಳು ಹುಟ್ಟಿದ ಕಾಲ ತಿಳಿಯುತ್ತದೆ. 300 ಕೋಟಿ ವರ್ಷ ಕಳೆದ ಹರಳಿನಲ್ಲಿ ಆ ಯುರೇನಿಯಮಿನ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಸೀಸವಾಗಿರುತ್ತದೆ.

ಚಿಕ್ಕ ಮಕ್ಕಳಿಗೆ ಕೋಟಿಯೆಂದರೆ ಬರಿಯ ಶಬ್ದ. ಅವರಿಗೆ ಅಳತೆಪಟ್ಟಿಯನ್ನು ತೋರಿಸಿ, ಒಂದು ವರ್ಷಕ್ಕೆ ಒಂದು ಮಿಲಿಮೀಟರೆಂದು ಹೇಳಬಹುದು. ಆರು ವರ್ಷದ ಮಗುವಿನ ಆಯುಷ್ಯ ಬೆರಳಿನ ಉಗುರಿನಷ್ಟೂ ಆಗುವುದಿಲ್ಲ. ಅಜ್ಜಿಯ ವಯಸ್ಸು ಒಂದು ಬೆರಳಿನುದ್ದ. ಹೈದರನ ಕಾಲದಿಂದ ಇಂದಿನವರೆಗೆ ಒಂದು ಗೇಣಿಗಿಂತ ತುಸು ಹೆಚ್ಚು. ಬಂಡೆಯ ವಯಸ್ಸೋ 3,000 ಕಿಲೋಮೀಟರು; ಕಾಶ್ಮೀರದ ತುದಿಯಿಂದ ಕನ್ಯಾಕುಮಾರಿಯವರೆಗೆ ಭರತಖಂಡದ ಉದ್ದಕ್ಕೆ ಬಹುಮಟ್ಟಿಗೆ ಸಮ!

ನಾಲ್ಕನೆಯದು ಕೆರೆಯ ಅಂಚು. ಮಗುವಿನ ಕೈಯನ್ನು ಬಿಡದೆ, ನಿಶ್ಚಲವಾದ ನೀರನ್ನು ಸ್ವಲ್ಪ ಹೊತ್ತು ನೋಡಬೇಕು. ಇಂಥ ನೀರಿನ ಮೇಲೆ ಉದ್ದಗಾಲಿನ ಸಣ್ಣ ಕೀಟಗಳು ಮುಳುಗದೆ ಜಾರುತ್ತಿರುವುದು ಹಲವೊಮ್ಮೆ ಕಾಣಸಿಗುತ್ತದೆ. ಅವು ಈಜುತ್ತಿಲ್ಲ, ನಿಂತಿವೆ. ನೀರಿನ ಕಣಗಳು ಒಂದನ್ನೊಂದು ಸೆಳೆಯುವುದರಿಂದ ನೀರಿನ ಮೇಲ್ಭಾಗ ಬಿಗಿದ ತೆಳುಪೊರೆಯಂತೆ ವರ್ತಿಸುತ್ತದೆ. ಇದನ್ನು ಮೇಲ್ಮೈ ಎಳೆತವೆನ್ನುತ್ತೇವೆ. ಕೀಟದ ಕಾಲಿನ ನವುರಾದ ರೋಮಗಳು ನೆನೆಯುವುದಿಲ್ಲವಾದ್ದರಿಂದ ಪೊರೆ ಹರಿಯದೆ ತಗ್ಗುತ್ತದೆ, ಅದರ ಅಲ್ಪಭಾರವನ್ನು ತಾಳುತ್ತದೆ.

ಮನೆಗೆ ಬಂದ ಮೇಲೆ ಬಟ್ಟಲಿನ ನೀರಿನ ಮೇಲೆ ಕಾಗದದ ಚೂರನ್ನಿಟ್ಟು, ಅದರ ಮೇಲೆ ಒಣಸೂಜಿಯನ್ನು ಮಲಗಿಸಿ, ನೆನೆದ ಕಾಗದವನ್ನು ಮೆಲ್ಲನೆ ಕೆಳಕ್ಕೆ ಒತ್ತಿದರೆ ಸೂಜಿ ತೇಲುತ್ತದೆ. ಸಾಬೂನಿನ ನೀರಿನ ಒಂದೆರಡು ತೊಟ್ಟು ಬಿದ್ದೊಡನೆ ಅದು ಮುಳುಗುತ್ತದೆ. ಸಾಬೂನು ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಬಟ್ಟಲಿನಲ್ಲಿ ಇದು ಆಟ. ಆದರೆ ಊರಿನ ಬಚ್ಚಲುಗಳ ಮಾರ್ಜಕವೆಲ್ಲ ಕೆರೆಗೆ ಹರಿದರೆ ಏನಾಗುತ್ತದೆಂಬುದನ್ನು 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿಬಂದು ತೋರಿಸಿಕೊಟ್ಟಿತು. ಸೂಜಿ ಮುಳುಗಿದುದನ್ನು ಕಣ್ಣಾರೆ ಕಂಡ ಮಗುವಿಗೆ, ಅಂಥ ನೀರು ಈ ಕೀಟಕ್ಕೆ ನೆಲೆಯಾಗಲಾರದೆಂದು ಬೇರೆ ಉಪದೇಶ ಮಾಡಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ಈ ನಾಲ್ಕನ್ನೂ ಒಂದೇ ದಿನ ತೋರಿಸುವ ಹಟ ಬೇಡ. ಚಿಕ್ಕವರ ಕಾಲು ಬೇಗ ದಣಿಯುತ್ತದೆ, ಮನಸ್ಸು ಅಳಿಲಿನ ಹಿಂದೆ ಓಡುತ್ತದೆ, ಓಡಲಿ. ಉತ್ತರವನ್ನು ನಾವೇ ಮೊದಲು ಹೇಳಿಬಿಡದೆ, ‘ನಿನಗೇನು ಅನ್ನಿಸುತ್ತದೆ?’ ಎಂದು ಕೇಳುವುದು ಮೇಲು. ಮಗು ತಪ್ಪು ಹೇಳಿದರೂ ನಷ್ಟವಿಲ್ಲ. ರಟ್ಟನ್ನೋ ಸೂಜಿಯನ್ನೋ ಕೈಗೆ ಕೊಟ್ಟರೆ ಪ್ರಕೃತಿಯೇ ತಿದ್ದುತ್ತದೆ. ಹೀಗೆ ಕಲಿತ ಮಗು ಮುಂದೆ ಭೌತವಿಜ್ಞಾನಿಯಾಗದಿರಬಹುದು. ಆದರೆ ಊರಿನ ಒಂದು ಮರವನ್ನು ಕಡಿಯಬೇಕೆ ಉಳಿಸಬೇಕೆ ಎಂಬ ಪ್ರಶ್ನೆ ಬಂದ ದಿನ, ಆ ಮರ ಮಾಡುತ್ತಿರುವ ಕೆಲಸವೇನೆಂದು ಅರಿತ ನಾಗರಿಕನಾಗಿ ಮಾತನಾಡುತ್ತದೆ.