ಪ್ಲೈವುಡ್ ಭವಿಷ್ಯಕ್ಕೊಂದು ಅರಮನೆ

ಪಾಲ್ ಅಲೆನ್ ಹುಡುಗನಾಗಿದ್ದಾಗ ಕೂಡಿಟ್ಟಿದ್ದ ವೈಜ್ಞಾನಿಕ ಕಾದಂಬರಿಗಳನ್ನೆಲ್ಲ ಅವರಮ್ಮ ಒಮ್ಮೆ ಹಳೇ ಪುಸ್ತಕದವರಿಗೆ ಮಾರಿಬಿಟ್ಟಿದ್ದರು. ಮುಂದೆ ಮಗ ಬಿಲ್ ಗೇಟ್ಸ್ ಜೊತೆ ಸೇರಿ ಮೈಕ್ರೋಸಾಫ್ಟ್ ಕಟ್ಟಿದರು, ಕೈಯಲ್ಲಿ ದುಡ್ಡು ಆಡಿತು. ಆಗ ತಮ್ಮ ಕೋಣೆಯ ಹಳೆಯ ಫೋಟೊ ಒಂದನ್ನು ದೊಡ್ಡದು ಮಾಡಿಸಿ, ಕಪಾಟಿನಲ್ಲಿದ್ದ ಪುಸ್ತಕಗಳ ಬೆನ್ನ ಮೇಲಿನ ಹೆಸರು ಓದಿಕೊಂಡು, ಅವನ್ನೇ ಹುಡುಕಿ ಮತ್ತೆ ಕೊಂಡರು.

ಇಂಥ ಮನುಷ್ಯ ವೈಜ್ಞಾನಿಕ ಕಲ್ಪನೆಗೊಂದು ಮ್ಯೂಸಿಯಂ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 2004ರ ಜೂನ್ 18ರಂದು ಸೈನ್ಸ್ ಫಿಕ್ಷನ್ ಮ್ಯೂಸಿಯಂ ಬಾಗಿಲು ತೆರೆಯಿತು. ಜಾಗಕ್ಕಾಗಿ ಅವರು ಬೇರೆಡೆ ಹೋಗಲಿಲ್ಲ. ಅದೇ ಊರಿನಲ್ಲಿ ಹುಟ್ಟಿದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮೇಲಿನ ಅಭಿಮಾನದಿಂದ 2000ರಲ್ಲೇ ಒಂದು ಸಂಗೀತ ಮ್ಯೂಸಿಯಂ ಕಟ್ಟಿಸಿದ್ದರು. ಅದರ ಒಂದು ಭಾಗವನ್ನೇ ಇದಕ್ಕೆ ಬಿಟ್ಟುಕೊಟ್ಟರು. ಎರಡೂ ಬೆರೆತು, 2016ರಿಂದ ಇಡೀ ಸಂಸ್ಥೆಗೆ ಮ್ಯೂಸಿಯಂ ಆಫ್ ಪಾಪ್ ಕಲ್ಚರ್ ಎಂಬ ಹೆಸರು. ಊರಿನವರ ಬಾಯಲ್ಲಿ ‘ಮೋಪಾಪ್’.

ಅಭಿಮಾನಿಯಾದವರು ಇಲ್ಲಿಗೆ ಬರಬೇಕಾದದ್ದು ಮೋನೋರೈಲಿನಲ್ಲೇ. ಪೇಟೆಯ ನಡುವಿನ ವೆಸ್ಟ್‌ಲೇಕ್‌ನಲ್ಲಿ ಹತ್ತಿದರೆ ಒಂದು ಮೈಲಿಯೂ ಇಲ್ಲದ ದಾರಿ. 1962ರ ವಿಶ್ವ ಮೇಳಕ್ಕೆ ‘ಇಪ್ಪತ್ತೊಂದನೆಯ ಶತಮಾನ ಹೀಗಿರುತ್ತದೆ’ ಎಂದು ತೋರಿಸಲು ಹಾಕಿದ ಹಳಿ ಅದು. ಪಕ್ಕದ ಸ್ಪೇಸ್ ನೀಡಲ್ ಗೋಪುರವೂ ಅದೇ ಮೇಳದ್ದು. ರೈಲು ಕೊನೆಯ ನಿಲ್ದಾಣ ಸೇರುವ ಮುನ್ನ ಮ್ಯೂಸಿಯಮ್ಮಿನ ಕಟ್ಟಡವನ್ನು ಸೀಳಿಕೊಂಡೇ ಹೋಗುತ್ತದೆ.

ಕಟ್ಟಡದ ಬಗ್ಗೆ ಮಾತ್ರ ಜನರಲ್ಲಿ ಒಮ್ಮತವಿಲ್ಲ. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಎಲೆಕ್ಟ್ರಿಕ್ ಗಿಟಾರುಗಳನ್ನು ತಂದು ಕತ್ತರಿಸಿ, ಆ ತುಂಡುಗಳನ್ನು ಜೋಡಿಸಿಯೇ ಮೊದಲ ಮಾದರಿ ಮಾಡಿದ್ದರಂತೆ. ಹೊರಮೈಗೆ 21,000ಕ್ಕೂ ಹೆಚ್ಚು ಸ್ಟೀಲ್ ಮತ್ತು ಬಣ್ಣದ ಅಲ್ಯೂಮಿನಿಯಂ ತಗಡುಗಳು. ಒಂದು ಕಡೆಯಿಂದ ಕೆಂಪು, ಇನ್ನೊಂದು ಕಡೆಯಿಂದ ನೇರಳೆ, ಎಲ್ಲೂ ಒಂದು ನೆಟ್ಟನೆ ಗೋಡೆಯಿಲ್ಲ. ಸಮುದ್ರದಿಂದ ತೆವಳಿ ಬಂದು ಮಗುಚಿ ಬಿದ್ದು ಸತ್ತ ಪ್ರಾಣಿಯಂತಿದೆ ಎಂದು ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕರು ಬರೆದಿದ್ದರು. ಬೈಗುಳವೇನೋ ಹೌದು, ಆದರೆ ಒಳಗೆ ಅನ್ಯಗ್ರಹದ ಜೀವಿಗಳನ್ನು ಇಟ್ಟುಕೊಂಡ ಮನೆಗೆ ಅದು ಒಪ್ಪುತ್ತದೆ.

ಒಳಗೆ ಹೋದ ಕೂಡಲೇ ಮಂದ ಬೆಳಕು. ‘ಸ್ಟಾರ್ ಟ್ರೆಕ್’ ಮೊದಲ ಧಾರಾವಾಹಿಯ (1966-69) ಕ್ಯಾಪ್ಟನ್ ಕರ್ಕ್ ಕೂರುತ್ತಿದ್ದ ಕುರ್ಚಿ ಈ ಸಂಗ್ರಹದ ಹೆಸರಾಂತ ವಸ್ತು. ದೂರದಿಂದ ಅದು ನಕ್ಷತ್ರಗಳ ನಡುವೆ ಹಡಗು ನಡೆಸುವವನ ಸಿಂಹಾಸನ. ಹತ್ತಿರ ಹೋದರೆ ಬಣ್ಣ ಬಳಿದ ಮರದ ಪೆಟ್ಟಿಗೆ, ತೋಳಿನ ಮೇಲೆ ಪ್ಲಾಸ್ಟಿಕ್ ಗುಂಡಿಗಳು, ನಡುವೆ ಕಪ್ಪು ಸೀಟು. ಈ ಸೀಟಿನ ಮೂಲವನ್ನು ಅಭಿಮಾನಿಗಳೇ ಪತ್ತೆ ಹಚ್ಚಿದ್ದಾರೆ: ಮ್ಯಾಡಿಸನ್ ಎಂಬ ಪೀಠೋಪಕರಣ ಕಂಪನಿ ಮಾರುತ್ತಿದ್ದ ಸಾದಾ ಕುರ್ಚಿ, ಮಾಡೆಲ್ ನಂಬರ್ 4449. ಅದರ ಸುತ್ತ ಪೆಟ್ಟಿಗೆ ಕಟ್ಟಿದ್ದು ಸ್ಟುಡಿಯೋದ ಬಡಗಿಗಳು.

ಆ ಧಾರಾವಾಹಿಯ ಭವಿಷ್ಯವೆಲ್ಲ ಹೀಗೆ ಸಿಕ್ಕಿದ್ದರಲ್ಲಿ ಹುಟ್ಟಿದ್ದು. ಒಂದು ಕಂತಿಗೆಂದು ತಂದ ಉಪ್ಪಿನ ಡಬ್ಬಿಗಳ ಆಕಾರ ತೀರಾ ವಿಚಿತ್ರವಾಗಿತ್ತು. ಉಪ್ಪಿನ ಡಬ್ಬಿ ಎಂದು ನೋಡುವವರಿಗೆ ತಿಳಿಯುವುದೇ ಇಲ್ಲ ಎನ್ನಿಸಿ, ಹಡಗಿನ ಡಾಕ್ಟರ ಕೈಗೆ ಶಸ್ತ್ರಚಿಕಿತ್ಸೆಯ ಉಪಕರಣಗಳಾಗಿ ಕೊಟ್ಟರು. ತಾನಾಗಿ ಸರಿಯುವ ಬಾಗಿಲುಗಳನ್ನು ಮರೆಯಲ್ಲಿ ನಿಂತ ಸೆಟ್ ಹುಡುಗರು ಎಳೆಯುತ್ತಿದ್ದರು. ಬ್ರಿಟನ್ನಿನ ಕಥೆಯೂ ಬೇರೆಯಲ್ಲ. ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ 1963ರಿಂದ ಮಕ್ಕಳನ್ನು ಸೋಫಾದ ಹಿಂದೆ ಅಡಗಿಸಿದ ಡಾಲೆಕ್ ಎಂಬ ರಕ್ಕಸ ಯಂತ್ರದ ಒಂದು ಕೈ, ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು! ಒಳಗೆ ಕೂತ ನಟ ಕಾಲಿನಿಂದ ಅದನ್ನು ತಳ್ಳಿಕೊಂಡು ಓಡಾಡುತ್ತಿದ್ದ. ಅಂಥ ಡಾಲೆಕ್ ಒಂದು ಸಿಯಾಟಲ್‌ನ ಸಂಗ್ರಹದಲ್ಲೂ ಇದೆ. ನೋಡುವಾಗ ನಗು ಬರುತ್ತದೆ, ಆದರೂ ಅದರ ಕಣ್ಣಿನ ಕೊಳವೆ ನೇರ ತನ್ನತ್ತ ತಿರುಗಿದ್ದರೆ ಅಭಿಮಾನಿ ಅರೆ ಹೆಜ್ಜೆ ಪಕ್ಕಕ್ಕೆ ಸರಿಯುತ್ತಾನೆ.

ಚಿತ್ರೀಕರಣ ಮುಗಿಯುವವರೆಗೆ ಬಾಳಿದರೆ ಸಾಕು ಎಂದು ಮಾಡಿದ ಸಾಮಾನುಗಳಿವು. ಸೆಟ್ ಮುರಿದು ಮರಮುಟ್ಟನ್ನು ಮುಂದಿನ ಚಿತ್ರಕ್ಕೆ ಸಾಗಿಸುವ ರೂಢಿ ನಮ್ಮ ಗಾಂಧಿನಗರದವರಿಗೂ ಗೊತ್ತಿದ್ದದ್ದೇ. ಮುಖವಾಡಗಳಿಗೂ ಜೀವಿಗಳ ಮೈಗೂ ಬಳಸುವ ಫೋಮ್ ಲೇಟೆಕ್ಸ್ ಗಾಳಿ ಬೆಳಕು ತಾಗಿದಂತೆ ಗಟ್ಟಿಯಾಗಿ, ಬಿರುಕು ಬಿಟ್ಟು, ಪುಡಿ ಉದುರಲು ಶುರುವಾಗುತ್ತದೆ. ಬಟ್ಟೆಯ ಬಣ್ಣ ದೀಪದ ಕೆಳಗೇ ಮಾಸುತ್ತದೆ. ‘ಮೇಟ್ರಿಕ್ಸ್ ರೀಲೋಡೆಡ್’ ಚಿತ್ರದ ನಾಯಕ ನಿಯೋನ ಉದ್ದನೆಯ ಕಪ್ಪು ಕೋಟು ತೂಗಿದಂಥ ಗ್ಯಾಲರಿಗಳಲ್ಲಿ ಬೆಳಕು ಕಡಿಮೆ ಇಡುವುದು ಬರೀ ನಾಟಕೀಯತೆಗಲ್ಲ.

ಉಳಿದದ್ದೇ ಪವಾಡ ಎನ್ನುವಂಥ ಒಂದು ವಸ್ತುವೂ ಇಲ್ಲಿ ಪ್ರದರ್ಶನಕ್ಕಿತ್ತು: 1977ರ ‘ಸ್ಟಾರ್ ವಾರ್ಸ್’ಗಾಗಿ ಮಾಡಿದ ಡೆತ್ ಸ್ಟಾರ್ ಮಾದರಿ. ಗೋದಾಮು ಖಾಲಿ ಮಾಡುವಾಗ ಎಸೆಯುವ ಸಾಮಾನಿನಲ್ಲಿ ಸೇರಿದ್ದ ಅದನ್ನು ಕೆಲಸಗಾರನೊಬ್ಬ ಮನೆಗೊಯ್ದ. ಕೈಯಿಂದ ಕೈಗೆ ದಾಟಿ ಮಿಸ್ಸೌರಿ ರಾಜ್ಯದ ಸಂಗೀತ ಸಭಾಂಗಣವೊಂದಕ್ಕೆ ಬಂದು, ಅಲ್ಲಿ ಕೆಲಕಾಲ ಕಸದ ಬುಟ್ಟಿಯಾಗಿತ್ತು. ಸಿನಿಮಾದಲ್ಲಿ ಗ್ರಹವನ್ನೇ ಸಿಡಿಸಿದ ಗೋಳವನ್ನು ಕೊನೆಗೆ ಗುರುತು ಹಿಡಿದು ಕಾಪಾಡಿದ್ದು ಸಂಗ್ರಹದ ಹುಚ್ಚಿನ ಅಭಿಮಾನಿಗಳು, ಸ್ಟುಡಿಯೋದವರಲ್ಲ.

ಹಾಗೆಂದು ಇದನ್ನು ಬರೀ ಆಟಿಕೆಗಳ ಮನೆ ಎಂದು ಕೈಬಿಡುವಂತಿಲ್ಲ. ಆರಂಭದಲ್ಲಿ ಇದರ ನಿರ್ದೇಶಕಿಯಾಗಿದ್ದ ಡೋನಾ ಶರ್ಲಿ ನಾಸಾದ ಎಂಜಿನಿಯರ್. 1997ರಲ್ಲಿ ಮಂಗಳನ ನೆಲದ ಮೇಲೆ ಓಡಾಡಿದ ಸೋಜರ್ನರ್ ಬಂಡಿಯನ್ನು ರೂಪಿಸಿದ ತಂಡದ ಮುಂದಾಳಾಗಿದ್ದವರು. ಇನ್ನೂ ಸ್ವಾರಸ್ಯದ್ದು ಮ್ಯೂಸಿಯಂ ತೆರೆದ ವಾರದ ಕಥೆ. ಬಾಗಿಲು ತೆರೆದ ಮೂರು ದಿನಕ್ಕೆ, ಜೂನ್ 21ರಂದು, ಕ್ಯಾಲಿಫೋರ್ನಿಯಾದ ಮರುಭೂಮಿಯಿಂದ ಸ್ಪೇಸ್‌ಶಿಪ್‌ವನ್ ಎಂಬ ಪುಟ್ಟ ನೌಕೆ ನೂರು ಕಿಲೋಮೀಟರ್ ಎತ್ತರ ದಾಟಿತು. ಸರ್ಕಾರದ ಹಂಗಿಲ್ಲದೆ ಮನುಷ್ಯ ಬಾಹ್ಯಾಕಾಶ ಮುಟ್ಟಿದ್ದು ಅದೇ ಮೊದಲು. ಅದಕ್ಕೆ ದುಡ್ಡು ಹಾಕಿದ್ದವರೂ ಅಲೆನ್ ಅವರೇ.

ಓದುಗ ಅಭಿಮಾನಿ ಹೆಚ್ಚು ಹೊತ್ತು ನಿಲ್ಲುವುದು ವೈಜ್ಞಾನಿಕ ಕಲ್ಪನೆಯ ದಿಗ್ಗಜರ ಹೆಸರಿರುವ ಹಾಲ್ ಆಫ್ ಫೇಮ್ ಮುಂದೆ. 1996ರಲ್ಲಿ ಕಾನ್ಸಸ್ ಸಿಟಿಯಲ್ಲಿ ಶುರುವಾದ ಈ ಗೌರವ 2004ರಲ್ಲಿ ಸಿಯಾಟಲ್‌ಗೆ ಬಂತು. ಎಚ್.ಜಿ. ವೆಲ್ಸ್, ಐಸಾಕ್ ಅಸಿಮೋವ್, ಆರ್ಥರ್ ಸಿ. ಕ್ಲಾರ್ಕ್ ಮೂವರೂ 1997ರ ಒಂದೇ ಪಟ್ಟಿಯವರು. ಕೊನೆಯ ವರ್ಷಗಳನ್ನು ಇದೇ ಸಿಯಾಟಲ್ ಬಳಿ ಕಳೆದ ಲೇಖಕಿ ಆಕ್ಟೇವಿಯಾ ಬಟ್ಲರ್ ಅವರ ಹೆಸರು ಸೇರಿದ್ದು 2010ರಲ್ಲಿ, ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ.

ಮಕ್ಕಳ ಜೊತೆ ಬಂದವರಿಗೆ ಇಷ್ಟೆಲ್ಲ ತಾಳ್ಮೆ ಇರುವುದಿಲ್ಲ. ರೆಡ್ಮಂಡ್, ಬೆಲ್‌ವ್ಯೂ ಕಡೆಯ ಸಾಫ್ಟ್‌ವೇರ್ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಸ್ಪೇಸ್ ನೀಡಲ್ ಹತ್ತಿಸಿ ತಂದರೆ, ಮೊಮ್ಮಕ್ಕಳು ಅಜ್ಜ ಅಜ್ಜಿಯನ್ನು ಎಳೆದೊಯ್ಯುವುದು 1939ರ ‘ವಿಝರ್ಡ್ ಆಫ್ ಆಝ್’ ಮಾಟಗಾತಿಯ ಟೋಪಿ ಇರುವ ಫ್ಯಾಂಟಸಿ ವಿಭಾಗಕ್ಕೆ, ಅಲ್ಲಿನ ಗುಹೆಯಲ್ಲಿ ಮಲಗಿದ ಡ್ರ್ಯಾಗನ್ ಹತ್ತಿರ. ದೆವ್ವದ ಸಿನಿಮಾಗಳ ವಿಭಾಗದಲ್ಲಿ ಗಂಟಲು ಕಿತ್ತುಹೋಗುವಂತೆ ಕಿರುಚಿದರೆ ಆ ಕ್ಷಣದ ಮುಖದ ಫೋಟೊ ತೆಗೆಯುವ ಕೋಣೆಯೂ ಇದೆ. ಗ್ಯಾಲರಿಗಳು ಆಗಾಗ ಬದಲಾಗುತ್ತವೆ. ಒಂದೇ ವಸ್ತುವಿಗಾಗಿ ದೂರದಿಂದ ಬರುವವರು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

2018ರಲ್ಲಿ ಅಲೆನ್ ತೀರಿಕೊಂಡರು. ಅವರು ಕಟ್ಟಿದ್ದ ಹಳೆಯ ಕಂಪ್ಯೂಟರುಗಳ ಮ್ಯೂಸಿಯಂ 2020ರಲ್ಲಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಅದರ ಸಾಮಾನುಗಳು 2024ರಲ್ಲಿ ಹರಾಜಿಗೆ ಹೋದವು. ಶ್ರೀಮಂತ ಅಭಿಮಾನಿ ಒಬ್ಬನನ್ನೇ ನೆಚ್ಚಿಕೊಂಡ ಸಂಗ್ರಹಗಳಿಗೆ ಈ ಅಪಾಯ ತಪ್ಪಿದ್ದಲ್ಲ. ಮೋಪಾಪ್ ಉಳಿದುಕೊಂಡಿದೆ. 1998ರಲ್ಲಿ ಅವರು ಕೊಂಡು ಕಾಪಾಡಿದ್ದ ಸಿನೆರಾಮಾ ಚಿತ್ರಮಂದಿರ ಕೂಡ ಮೂರು ವರ್ಷಕ್ಕೂ ಹೆಚ್ಚು ಕಾಲ ಕತ್ತಲಲ್ಲಿದ್ದು, ಊರಿನ ಚಲನಚಿತ್ರೋತ್ಸವ ಸಂಸ್ಥೆಯ ಕೈಸೇರಿ 2023ರಲ್ಲಿ ಮತ್ತೆ ತೆರೆಯಿತು. ಮೂರು ಪ್ರೊಜೆಕ್ಟರುಗಳಿಂದ ಬಾಗಿದ ಪರದೆಯ ಮೇಲೆ ಒಂದೇ ಚಿತ್ರ ಮೂಡಿಸಬಲ್ಲ ಥಿಯೇಟರುಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು, ಇದು ಅವುಗಳಲ್ಲೊಂದು. ಮೋನೋರೈಲಿನಲ್ಲಿ ವಾಪಸ್ ವೆಸ್ಟ್‌ಲೇಕ್‌ಗೆ ಬಂದಿಳಿದರೆ ನಡೆದೇ ಹೋಗಬಹುದು. ಸಂಜೆಯ ಆಟಕ್ಕೆ ಟಿಕೆಟ್ ಸಿಕ್ಕರೆ ಅಲ್ಲಿನ ಹೆಸರಾಂತ ಚಾಕೊಲೇಟ್ ಪಾಪ್‌ಕಾರ್ನ್ ಬಿಡಬಾರದು.