ಸೈಲೆನ್ಸರ್‌ಗೆ ತೂತು, ಜೇಬಿಗೂ ತೂತು!

ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲೋ ಚಾರ್ಮಾಡಿಯಲ್ಲೋ ರಸ್ತೆಗೆ ಮರ ಅಡ್ಡ ಬಿದ್ದು ಬಸ್ಸು ನಿಂತರೆ ಪ್ರಯಾಣಿಕರೆಲ್ಲ ದಾರಿ ಕಾಯುವುದು ಯಾರಿಗೆ? ಮರ ಕೊಯ್ಯುವ ಮಿಷನ್ನಿನವನಿಗೆ. ಕಾಫಿ ತೋಟದ ಮರಗಸಿಗೂ ಅವನೇ ಬೇಕು.

ಹೊಸ ಮಿಷನ್ ದುಬಾರಿ. ಕೈಯಲ್ಲಿ ಕಾಸು ಕಮ್ಮಿಯಿದ್ದವ ಸೆಕೆಂಡ್ ಹ್ಯಾಂಡ್ ಮಾಲಿಗೆ ಕೈ ಹಾಕುತ್ತಾನೆ. ನಾಲ್ಕು ದಿನದಲ್ಲೇ ಗೋಳು ಶುರು: "ಸ್ಟಾರ್ಟ್ ಆಗ್ತದೆ, ರೈಸ್ ಮಾಡಿದ್ರೆ ಉಸಿರು ಕಟ್ತದೆ!" ಪಕ್ಕದವನ ಸಲಹೆ ರೆಡಿ: "ಸೈಲೆನ್ಸರ್‌ಗೆ ಎರಡು ತೂತು ಹೊಡೆಸು ಮಾರಾಯ, ಆಮೇಲೆ ಪಿಕಪ್ ನೋಡು!"

ತಾಳಿ ಸ್ವಾಮಿ! ಡ್ರಿಲ್ ಹಿಡಿಯುವ ಮೊದಲು ಸ್ಪ್ಯಾನರ್ ಹಿಡಿಯಿರಿ.

ಇದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತದೆ. ಅದರ ಮಸಿ ಸೈಲೆನ್ಸರ್ ಬಾಯಿಯ ಪುಟ್ಟ ಜಾಲರಿಗೆ ಮೆತ್ತಿಕೊಂಡರೆ ಹೊಗೆಗೆ ದಾರಿಯಿಲ್ಲ, ಮಿಷನ್ನಿಗೆ ಶಕ್ತಿಯಿಲ್ಲ. ಮಿಷನ್ ತಣ್ಣಗಾದ ಮೇಲೆ ಜಾಲರಿ ಬಿಚ್ಚಿ ತಂತಿ ಬ್ರಷ್ಷಿನಿಂದ ಉಜ್ಜಿ. ಹರಿದಿದ್ದರೆ ಹೊಸದು ಹಾಕಿ. ಸಡಿಲವಾದ ಬೋಲ್ಟು, ಸುಟ್ಟ ಗ್ಯಾಸ್ಕೆಟ್ ಇದ್ದರೆ ಸರಿಪಡಿಸಿ. ಎಷ್ಟೋ ಸಲ ರೋಗ ಇಷ್ಟಕ್ಕೇ ವಾಸಿ.

ತೂತು ಹೊಡೆದರೆ ಆಗುವುದೇನು? ಹೊಗೆ ಸಲೀಸಾಗಿ ಹೊರಬಿದ್ದು ಇಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ. ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಡದಿದ್ದರೆ ಶಾಖ ಏರುತ್ತದೆ. ಮೊದಲ ದಿನ ಮಿಷನ್ ಕುದುರೆ ಹಾಗೆ ಓಡೀತು. ಆಮೇಲೆ ಪಿಸ್ಟನ್ ಹಿಡಿದುಕೊಂಡರೆ ಹೊಸ ಪಿಸ್ಟನ್, ಸಿಲಿಂಡರ್! ಅದೂ ಅಲ್ಲದೆ ದಿನಗೂಲಿ ಖೋತಾ.

ಇನ್ನು ಜಾಲರಿಯನ್ನೇ ಕಿತ್ತೆಸೆಯುವ ಶೂರರಿದ್ದಾರೆ. ಕಿಡಿ ಹೊರಹಾರದಂತೆ ತಡೆಯುವುದೇ ಆ ಜಾಲರಿ. ಬೇಸಿಗೆಯ ಒಣ ದರಕಿನ ಮೇಲೆ ಒಂದು ಕಿಡಿ ಬಿದ್ದರೆ ಗುಡ್ಡವೇ ಹೊತ್ತಿಕೊಂಡೀತು.

ಕಿವಿಯ ಕಥೆ ಕೇಳಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬರೇ 15 ನಿಮಿಷ! ತೂತಿಲ್ಲದೆಯೇ ಈ ಮಿಷನ್ 100 ದಾಟುತ್ತದೆ. ತೂತು ಹೊಡೆದ ಮೇಲೆ ಕೇಳಬೇಕೆ? ಹತ್ತಿಯಲ್ಲ, ಸರಿಯಾದ ಕಿವಿಮುಚ್ಚುಗವೇ ಬೇಕು.

ಹಳೇ ಮಿಷನ್ ಕೊಳ್ಳುವವರಿಗೆ ಕೊನೆಯದೊಂದು ಮಾತು. ಬಣ್ಣ ನೋಡಿ ಮರುಳಾಗಬೇಡಿ. ಅಂಗಡಿಯಲ್ಲೇ ಸೈಲೆನ್ಸರ್ ಬಿಚ್ಚಿಸಿ, ಆ ಕಿಂಡಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ನುಣುಪಾಗಿದ್ದರೆ ಬೆಲೆ ಮಾತಾಡಿ. ಉದ್ದುದ್ದ ಗೀರು ಕಂಡರೆ ನಮಸ್ಕಾರ ಹೇಳಿ ಬಸ್ಸು ಹತ್ತಿ. ಬಿಚ್ಚಲು ಒಪ್ಪದ ಮಾರಾಟಗಾರನಿಗೂ ಅದೇ ನಮಸ್ಕಾರ!